ಯೆಜ್ಡಿ ಟಾಕಿಯ ಮೇಲೆ ಎರಡು ಗೆರಿ

ದೇವಣಗಾಂವದ ಬಸ್ ನಿಲ್ದಾಣದ ಚಹಾದಂಗಡಿಯಲ್ಲಿ ಒಂದು ವಾರ ಬರೀ ಗೆರಿಯ ಮಾತೇ ನಡೆಯಿತು. ಹೊಲದ ಬದುವಿನ ಗೆರಿಯಲ್ಲ, ಪಂಚಾಯತಿ ವಾರ್ಡಿನ ಗೆರಿಯೂ ಅಲ್ಲ. ಹಳೆಯ ಯೆಜ್ಡಿ ಮೋಟಾರ್ ಸೈಕಲ್ಲೊಂದರ ಪೆಟ್ರೋಲ್ ಟಾಕಿಯ ಮೇಲೆ ಎಳೆಯಬೇಕಾದ ಎರಡು ಗೆರಿಯ ಮಾತು. ಅದನ್ನು ಕೈಯಿಂದ ಎಳೆಯಬೇಕೋ, ಸ್ಟಿಕರ್ ತಂದು ಅಂಟಿಸಬೇಕೋ? ಈ ಪ್ರಶ್ನೆಯ ಮೇಲೆ ಚಹಾ ಕುಡಿಯುವವರಲ್ಲಿ ಎರಡು ಪಾರ್ಟಿಗಳೇ ಆಗಿಬಿಟ್ಟವು.

"ಎರಡು ಗೆರಿ ತಾನೇ? ಅದರಾಗ ಏನದ ಅಂಥಾದ್ದು?" ಎಂದು ಬಸ್ಸಿಗೆ ಕಾದು ಕುಳಿತವರೊಬ್ಬರು ಕೇಳಿಯೇ ಬಿಟ್ಟರು.

ಅದರಲ್ಲಿ ಏನೇನಿದೆ ಎಂಬುದನ್ನು ಹೇಳಲು ಒಂದು ಗಾಡಿ, ಒಂದು ಹೊಳಿ ಮತ್ತು ಒಬ್ಬ ಪೇಂಟರನ ಕಥೆ ಹೇಳಬೇಕಾಗುತ್ತದೆ.

ಗಾಡಿಯ ಜಾತಕ

ಭೀಮಾ ಹೊಳಿಯ ದಂಡೆಯ ಊರು ದೇವಣಗಾಂವ. ಮೊದಲು ಸಿಂದಗಿ ತಾಲೂಕಿನಲ್ಲಿತ್ತು, ಈಗ ಆಲಮೇಲ ತಾಲೂಕಿಗೆ ಸೇರಿದೆ. ಆಚೆ ದಂಡೆಗೆ ಹೋದರೆ ಅಫಜಲಪುರ ತಾಲೂಕು, ಕಲಬುರಗಿ ಜಿಲ್ಲೆ. ಸೇತುವೆ ದಾಟುವ ಗಾಡಿಗಳನ್ನು ನೋಡುತ್ತ ನಿಂತರೆ ಕೆಎ-28 ಕಾಣುತ್ತದೆ, ಕೆಎ-32 ಕಾಣುತ್ತದೆ, ನಡುನಡುವೆ ಸೊಲ್ಲಾಪುರದ ಎಂಎಚ್-13 ಕೂಡ ಕಾಣುತ್ತದೆ.

ಈ ಊರಿನ ಒಬ್ಬ ರೈತ 1994ರಲ್ಲಿ ಒಂದು ಮರೂನ್ ಬಣ್ಣದ ಯೆಜ್ಡಿ ಕೊಂಡು ತಂದಿದ್ದ. ಆಗ ಊರಿಗೇ ಎಣಿಸುವಷ್ಟು ಗಾಡಿ. ಡಬ್ ಡಬ್ ಸಪ್ಪಳ ಸೇತುವೆಯ ಮೇಲೆ ಬಂತೆಂದರೆ ಯಾರು ಬಂದರೆಂದು ಮನೆಯಲ್ಲಿ ಕುಳಿತವರಿಗೂ ತಿಳಿಯುತ್ತಿತ್ತು.

ಯೆಜ್ಡಿ ನಮ್ಮ ರಾಜ್ಯದ್ದೇ ಕೂಸು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಗಾಡಿ ತಯಾರಿಸಲು ಶುರು ಮಾಡಿತು. ಜೆಕೊಸ್ಲೊವಾಕಿಯದ ಜಾವಾ ಕಂಪನಿಯ ಪರವಾನಗಿ ಪಡೆದು ಪಾರ್ಸಿ ಸಮಾಜದ ಇರಾನಿ ಮನೆತನದವರು ಕಟ್ಟಿದ ಕಾರ್ಖಾನೆ ಅದು. 1970ರ ದಶಕದಲ್ಲಿ ಜಾವಾ ಹೆಸರು ಹೋಗಿ ಯೆಜ್ಡಿ ಹೆಸರು ಬಂತು. ಕಿಕ್ಕಿನ ಕಡ್ಡಿಯೇ ಗೇರಿನ ಕಡ್ಡಿ, ಎರಡು ಸೈಲೆನ್ಸರ್, ಎಂಥ ಕೆಸರಿನಲ್ಲೂ ಎಳೆಯುವ ಇಂಜಿನ್. ಆದರೆ ಕಡಿಮೆ ಪೆಟ್ರೋಲು ಕುಡಿಯುವ ಜಪಾನಿ ಮಾದರಿಯ ಗಾಡಿಗಳು ಬಜಾರಕ್ಕೆ ಬಂದ ಮೇಲೆ ಯೆಜ್ಡಿಯ ಆಟ ನಡೆಯಲಿಲ್ಲ. 1996ರಲ್ಲಿ ಮೈಸೂರಿನ ಕಾರ್ಖಾನೆ ಬಾಗಿಲು ಹಾಕಿತು. 2022ರ ಜನವರಿಯಲ್ಲಿ ಬೇರೆ ಕಂಪನಿಯವರು ಅದೇ ಹೆಸರಿನಲ್ಲಿ ಹೊಸ ಗಾಡಿ ಬಿಟ್ಟರು. ಹೆಸರು ಅದೇ, ಸಪ್ಪಳ ಅದಲ್ಲ ಎನ್ನುತ್ತಾರೆ ಹಳೆಯ ಗಾಡಿಯ ಅಭಿಮಾನಿಗಳು.

1994ರ ಮಹಾನವಮಿಯ ಖಂಡೆ ಪೂಜೆಗೆ ಈ ರೈತ ಊರಿನ ಪೇಂಟರನ ಹತ್ತಿರ ಹೋಗಿ, "ಎಲ್ಲಾರ ಗಾಡಿ ಹಂಗ ನಂದ ಇರಬಾರದು, ಏನರ ಮಾಡು" ಎಂದನಂತೆ. ಪೇಂಟರ್ ಟಾಕಿಯ ಎರಡೂ ಬಗಲಿಗೆ ಕೆನೆ ಬಣ್ಣದ ಎರಡೆರಡು ಗೆರಿ ಎಳೆದುಕೊಟ್ಟ. ಮೇಲೆ ಒಂದು ದಪ್ಪ, ಕೆಳಗೆ ಒಂದು ಸಣ್ಣ. ಮೊಣಕಾಲು ತಾಗುವ ಜಾಗದಲ್ಲಿ ಎರಡೂ ಬಾಗಿ, ಸೀಟಿನ ಹತ್ತಿರ ಚೂಪಾಗಿ ಕೂಡುತ್ತಿದ್ದವು. ಟೇಪಿಲ್ಲ, ಪಟ್ಟಿಯಿಲ್ಲ, ಬರೀ ಕೈ. ಅವತ್ತಿನಿಂದ ಆ ಗಾಡಿಗೆ "ಗೆರಿ ಗಾಡಿ" ಎಂದೇ ಹೆಸರು ಬಿತ್ತು.

ಹೊಳಿ ಬಂದ ರಾತ್ರಿ

2020ರ ಅಕ್ಟೋಬರ್. ಮಹಾರಾಷ್ಟ್ರದಲ್ಲಿ ಮಳೆಯೋ ಮಳೆ. ಉಜನಿ ಜಲಾಶಯದಿಂದ ಬಿಟ್ಟ ನೀರು, ಮೇಲಿಂದ ಸುರಿದ ನೀರು ಎಲ್ಲ ಸೇರಿ ಭೀಮಾ ದಂಡೆ ಮೀರಿತು. ಲಕ್ಷಗಟ್ಟಲೆ ಕ್ಯುಸೆಕ್ ನೀರು. ಇಂಡಿ, ಸಿಂದಗಿ ಸೀಮೆಯ ನದಿ ದಂಡೆಯ ಹಳ್ಳಿಗಳ ಹೊಲದಲ್ಲಿ ಕಬ್ಬು ಮುಳುಗಿತು, ತೊಗರಿ ಹೋಯಿತು, ಹತ್ತಿ ಹೋಯಿತು. ಜನ ದನಕರು ಹೊಡೆದುಕೊಂಡು ಎತ್ತರದ ಜಾಗಕ್ಕೆ ಹೋದರು.

ದನ ಬಿಚ್ಚುವ ಗಡಿಬಿಡಿಯಲ್ಲಿ ಗಾಡಿ ಯಾರಿಗೆ ನೆನಪು? ಹೊಲದ ಮನೆಯ ತಗಡಿನ ಶೆಡ್ಡಿನಲ್ಲಿ ನಿಲ್ಲಿಸಿದ್ದ ಯೆಜ್ಡಿ ನೀರಿನಲ್ಲೇ ನಿಂತಿತು. ನೀರು ಇಳಿದ ಮೇಲೆ ನೋಡಿದರೆ ಹ್ಯಾಂಡಲ್ಲಿನವರೆಗೆ ರಾಡಿ. ಗುಜರಿಯವನು ಬಂದು ತೂಕದ ಲೆಕ್ಕದಲ್ಲಿ ಕೇಳಿದ. ರೈತ ಕೊಡಲಿಲ್ಲ. ಮುಂದಿನ ವರ್ಷ ರೈತನೇ ತೀರಿಕೊಂಡ.

ಮಗ ಈಗ ಆಲಮೇಲದಲ್ಲಿ ಗೊಬ್ಬರದ ಅಂಗಡಿ ಇಟ್ಟುಕೊಂಡಿದ್ದಾನೆ. ಕೈಯಲ್ಲಿ ನಾಲ್ಕು ಕಾಸು ಆಡಿದ ಮೇಲೆ ಅಪ್ಪನ ಗಾಡಿ ಮತ್ತೆ ರಸ್ತೆಗೆ ಇಳಿಸುವ ಹಟ ಹಿಡಿದ. ಇಂಜಿನ್ ಬಿಚ್ಚಿಸಿ, ಸೊಲ್ಲಾಪುರದಿಂದ ಸಾಮಾನು ತರಿಸಿ, ಒಂದೊಂದೇ ಕೂಡಿಸಿದ. ಉಳಿದದ್ದು ಟಾಕಿಯ ಬಣ್ಣ. ಅದಕ್ಕೆ ಅಪ್ಪನಿಗೆ ಗೆರಿ ಎಳೆದುಕೊಟ್ಟ ಪೇಂಟರನ ಬಾಗಿಲಿಗೇ ಬಂದ.

"ಕಾಕಾ, ನೀವು ಎಳೆದಿದ್ದ ಗೆರಿ ಮತ್ತ ನೀವೇ ಎಳೀಬೇಕ್ರಿ."

ಪೇಂಟರ್ ಕಾಕಾ ತನ್ನ ಎರಡೂ ಕೈ ಮುಂದೆ ಚಾಚಿ ತೋರಿಸಿದ. ಬೆರಳುಗಳು ಗಾಳಿಗೆ ಬಿದ್ದ ಎಲೆಯ ಹಾಗೆ ನಡುಗುತ್ತಿದ್ದವು.

"ನೋಡಪಾ ತಮ್ಮಾ. ಇವು 1994ರ ಕೈ ಅಲ್ಲ."

ಕೆಲಸ ಒಂದೊಂದೇ ಜಾರಿತು

ಈ ಪೇಂಟರನ ಕೈಯಿಂದ ಏನೇನು ಬರೆಯಿಸಿಕೊಳ್ಳಲಿಲ್ಲ ಈ ಊರು? ಕಿರಾಣಿ ಅಂಗಡಿಯ ಬೋರ್ಡು, ಗಿರಣಿಯ ಬೋರ್ಡು, "ಇಂದು ನಗದು ನಾಳೆ ಉದ್ರಿ" ಎಂಬ ಹಲಗೆ, ಶಾಲೆಯ ಗೋಡೆಯ ಮೇಲಿನ ಭೂಪಟ, ಟ್ರ್ಯಾಕ್ಟರಿನ ಟ್ರಾಲಿಗೆ ಹೂಬಳ್ಳಿ, ಚಕ್ಕಡಿಯ ಗಾಲಿಗೆ ಕೆಂಪು ಹಳದಿ ಪಟ್ಟಿ. ಕಾರಹುಣ್ಣಿವಿಗೆ ಎತ್ತಿನ ಕೋಡಿಗೆ ಬಣ್ಣ ಹಚ್ಚಲಿಕ್ಕೆ ಮುಂಜಾನೆಯಿಂದಲೇ ಮಂದಿ ಪಾಳಿ ಹಚ್ಚುತ್ತಿದ್ದರು. ಜೀವಂತ ಎತ್ತು ತಲೆ ಅಲ್ಲಾಡಿಸುತ್ತ ನಿಂತಾಗ ಅದರ ಕೋಡಿಗೆ ಸುತ್ತು ಗೆರಿ ಎಳೆದವನಿಗೆ ನಿಂತ ಟಾಕಿ ಯಾವ ಲೆಕ್ಕ ಎಂದು ಹಿರಿಯರು ಹೇಳುತ್ತಾರೆ.

ಮೊದಲು ಹೋದದ್ದು ಅಂಗಡಿ ಬೋರ್ಡು. ಫ್ಲೆಕ್ಸ್ ಬಂತು. ಒಂದು ತಾಸಿನಲ್ಲಿ ಬೋರ್ಡು ತಯಾರು, ಮೇಲೆ ಮಾಲಕನ ಫೋಟೋ ಕೂಡ. 2016ರ ಮಾರ್ಚಿನಲ್ಲಿ ರಾಜ್ಯ ಸರ್ಕಾರ ಪ್ಲಾಸ್ಟಿಕ್ ಚೀಲದ ಜೊತೆಗೆ ಫ್ಲೆಕ್ಸನ್ನೂ ನಿಷೇಧಿಸಿ ಆದೇಶ ಹೊರಡಿಸಿತು. ಆದೇಶ ಕಾಗದದಲ್ಲಿ ಉಳಿಯಿತು, ಫ್ಲೆಕ್ಸು ಬಜಾರದಲ್ಲಿ ಉಳಿಯಿತು. ಇದು ಅಂಗಡಿಕಾರರಿಗೆ ಗೊತ್ತಿಲ್ಲದ ಸಂಗತಿಯೇನಲ್ಲ.

ಕೊನೆಗೆ ಉಳಿದದ್ದು ಗಾಡಿಯ ನಂಬರ್ ಪ್ಲೇಟು. ಅದಕ್ಕೂ ಒಂದು ಶಾಸ್ತ್ರವಿತ್ತು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಮೋಟಾರ್ ಸೈಕಲ್ಲಿನ ಹಿಂದಿನ ಪ್ಲೇಟಿನ ಅಕ್ಷರ 35 ಮಿಲಿಮೀಟರ್ ಎತ್ತರ, ಅಂಕಿ 40 ಮಿಲಿಮೀಟರ್ ಎತ್ತರ, ಎರಡಕ್ಕೂ ದಪ್ಪ 7 ಮಿಲಿಮೀಟರ್ ಇರಬೇಕು. ಸ್ವಂತದ ಗಾಡಿಗೆ ಬಿಳಿಯ ಮೇಲೆ ಕಪ್ಪು. ಈ ಅಳತೆ ಪೇಂಟರನ ಬಾಯಿಪಾಠ. "8055 ನಂಬರಿಗೆ ಬಾಸ್ ಅಂತ ಓದೂವಂಗ ಬರೀರಿ" ಎಂದು ಬಂದ ಹುಡುಗರನ್ನು, "ಪೊಲೀಸರು ಹಿಡದಾಗ ಬಾಸ್ ಯಾರು ಅಂತ ಗೊತ್ತಾಗ್ತದ" ಎಂದು ತಿರುಗಿ ಕಳಿಸಿದ ಪುಣ್ಯಾತ್ಮ ಈತ.

2019ರ ಏಪ್ರಿಲ್ 1ರಿಂದ ಹೊಸ ಗಾಡಿಗಳಿಗೆ ಹೆಚ್ಚಿನ ಭದ್ರತೆಯ ನಂಬರ್ ಪ್ಲೇಟು ಕಡ್ಡಾಯವಾಯಿತು. ಅಲ್ಯುಮಿನಿಯಂ ಹಾಳೆ, ಅಶೋಕ ಚಕ್ರದ ಹೊಲೋಗ್ರಾಂ, ಒಮ್ಮೆ ಕೂಡಿಸಿದರೆ ಮುರಿಯದೆ ಬಿಚ್ಚಲಾಗದ ಲಾಕು. 2023ರ ಆಗಸ್ಟಿನಲ್ಲಿ ರಾಜ್ಯ ಸರ್ಕಾರ ಹಳೆಯ ಗಾಡಿಗಳಿಗೂ ಅದೇ ಪ್ಲೇಟು ಹಾಕಿಸಬೇಕೆಂದು ಆದೇಶ ಮಾಡಿತು. ಗಡುವು ಮೇಲಿಂದ ಮೇಲೆ ಮುಂದಕ್ಕೆ ಹೋಯಿತು, ಅದು ಬೇರೆ ಮಾತು. ಕಳುವಾದ ಗಾಡಿ ಹಿಡಿಯಲಿಕ್ಕೆ ಇದು ಒಳ್ಳೆಯದೇ. ಅದನ್ನು ಪೇಂಟರ್ ಕಾಕಾನೂ ಒಪ್ಪುತ್ತಾನೆ.

"ಸರ್ಕಾರದ್ದೇನ್ ತಪ್ಪಿಲ್ರಿ. ಆದ್ರ ದಿನಕ್ಕ ಎರಡು ಪ್ಲೇಟ್ ಬರದು ಸಂತಿ ಮಾಡ್ತಿದ್ದೆ. ಆ ಸಂತಿ ಹೋತು."

ಮನೆಯಲ್ಲೇ ಎದುರು ಪಾರ್ಟಿ

ಚೋದ್ಯವೆಂದರೆ ಸ್ಟಿಕರ್ ಪಾರ್ಟಿಯ ಮುಂದಾಳು ಬೇರೆ ಯಾರೂ ಅಲ್ಲ, ಪೇಂಟರನ ಸ್ವಂತ ಮಗ. ಕಂಪ್ಯೂಟರಿನಲ್ಲಿ ಚಿತ್ರ ಮಾಡಿ, ಮಷೀನಿನಲ್ಲಿ ವಿನೈಲ್ ಹಾಳೆ ಕತ್ತರಿಸಿ ಗಾಡಿಗೆ ಅಂಟಿಸುವ ಅಂಗಡಿ ಅವನದು. ಹುಲಿ, ಹದ್ದು, ರಾಯಣ್ಣ, ಶಿವಾಜಿ, ಬಸವಣ್ಣ, ಅಂಬೇಡ್ಕರ್, "ಅಪ್ಪ ಅವ್ವನ ಆಶೀರ್ವಾದ" ಎಲ್ಲ ಸಿಗುತ್ತದೆ.

"ಯಪ್ಪಾ, ಸುಮ್ನ ಕುಂದ್ರು ನೀ. ಫೋಟೋ ಕೊಟ್ರ ನಾ ಹತ್ತು ಮಿನಿಟಿನ್ಯಾಗ ಕಟ್ ಮಾಡಿ ಹಚ್ಚತೀನಿ. ಎರಡೂ ಬಗಲ ಒಂದ ಕೂದಲಷ್ಟೂ ಫರಕ್ ಬರಂಗಿಲ್ಲ" ಎಂಬುದು ಮಗನ ವಾದ.

ವಾದದಲ್ಲಿ ಹುರುಳಿದೆ. ಮಷೀನಿನ ಗೆರಿ ಅಳುಕುವುದಿಲ್ಲ. ಖರ್ಚು ಕಡಿಮೆ. ಬ್ಯಾಸರವಾದರೆ ಕಿತ್ತು ಬೇರೆ ಹಚ್ಚಬಹುದು. ಆದರೆ ನಮ್ಮ ಸೀಮೆಯ ಬಿಸಿಲಿಗೆ ಅಗ್ಗದ ಸ್ಟಿಕರ್ ಅಂಚು ಎದ್ದು, ಅದರೊಳಗೆ ಎರೆಮಣ್ಣಿನ ಧೂಳು ಹೊಕ್ಕು ಕರಿ ಅಂಚು ಕಟ್ಟುತ್ತದೆ. ಪೆಟ್ರೋಲ್ ಹಾಕಿಸುವಾಗ ಚೆಲ್ಲಿದರೆ ಅಂಟು ಬಿಡುತ್ತದೆ. ಟಾಕಿಯ ಬಾಗಿದ ಜಾಗದಲ್ಲಿ ಎಳೆದು ಅಂಟಿಸಿದ್ದು ಬಿಸಿಲಿಗೆ ಹಿಂದಕ್ಕೆ ಸರಿಯುತ್ತದೆ.

"ಮತ್ತ ಹಚ್ಚಿದ್ರಾತು" ಎನ್ನುತ್ತಾನೆ ಮಗ.

"ಅವರಪ್ಪನ ಗಾಡಿಗೆ ನಾ ಎಳದದ್ದು ಇಪ್ಪತ್ತಾರು ವರ್ಷ ಇತ್ತು. ಹೊಳಿ ಬಂದು ತಗೊಂಡ ಹೋತು, ತಾನಾಗಿ ಹೋಗಲಿಲ್ಲ" ಎನ್ನುತ್ತಾನೆ ಅಪ್ಪ.

ಗೊಬ್ಬರದಂಗಡಿಯ ಹುಡುಗ ಮಾತ್ರ ಒಂದೇ ಹಟ ಹಿಡಿದು ಕುಳಿತ. "ನಡುಗಿದ್ರ ನಡುಗಲಿ ಕಾಕಾ. ನೀವೇ ಎಳೀರಿ."

ಹಳೆಯ ಕೈಯ ಅಳತೆ

1994ರ ಗೆರಿಯ ನಮೂನೆ ಎಲ್ಲಿಂದ ತರುವುದು? ಪೇಂಟರ್ ಕಾಕಾ ರಟ್ಟಿನಲ್ಲಿ ಕತ್ತರಿಸಿ ಇಟ್ಟಿದ್ದ ನಮೂನೆಗಳು ಅದೇ ಹೊಳಿಯಲ್ಲಿ ಹೋಗಿದ್ದವು. ಟಾಕಿ ತುಕ್ಕು ಹಿಡಿದು ಹೊರಗಿನ ಬಣ್ಣವೆಲ್ಲ ಪದರು ಪದರಾಗಿ ಎದ್ದಿತ್ತು. ಮನೆಯಲ್ಲಿ ಒಂದು ಫೋಟೋ ಸಿಕ್ಕಿತು. ಖಂಡೆ ಪೂಜೆಯ ದಿನದ್ದು. ಗಾಡಿಗೆ ಚೆಂಡು ಹೂವಿನ ಮಾಲೆ, ಪಕ್ಕದಲ್ಲಿ ಪಟಗಾ ಸುತ್ತಿದ ರೈತ. ಆದರೆ ಮಾಲೆಯೇ ಗೆರಿಯನ್ನು ಅರ್ಧ ಮುಚ್ಚಿತ್ತು.

ಕೊನೆಗೆ ಕೈ ಹಿಡಿದದ್ದು ಬಗಲಿನ ಸಾಮಾನು ಡಬ್ಬಿಯ ಮುಚ್ಚಳ. ರಿಪೇರಿಗೆಂದು ಬಿಚ್ಚಿ ಮನೆಯ ಅಟ್ಟದ ಮೇಲೆ ಇಟ್ಟಿದ್ದರಿಂದ ಅದೊಂದು ನೀರು ಕಂಡಿರಲಿಲ್ಲ. ಅದರ ಮೇಲೂ ಅದೇ ಜೋಡಿ ಗೆರಿ ಇತ್ತು. ಪೇಂಟರ್ ಕನ್ನಡಕ ಏರಿಸಿ ಪಟ್ಟಿ ಇಟ್ಟು ಅಳೆದ. ದಪ್ಪ ಗೆರಿ ನಾಲ್ಕು ಮಿಲಿಮೀಟರ್. ನಡುವೆ ಸಂದು ಮೂರು. ಸಣ್ಣ ಗೆರಿ ಒಂದೂವರೆ.

"ಯಾವನೋ ಚಲೋ ಕೈಯವ ಎಳದಾನ" ಎಂದು ತನ್ನ ಕೆಲಸಕ್ಕೆ ತಾನೇ ನಕ್ಕ.

ಮೊದಲ ಕೆಲಸ ಟಾಕಿ ಬಿಚ್ಚಿ ಪೆಟ್ರೋಲು ಖಾಲಿ ಮಾಡುವುದು. ಇಲ್ಲಿ ಒಂದು ಎಚ್ಚರಿಕೆ ಎಲ್ಲರೂ ತಿಳಿಯಬೇಕು. ಖಾಲಿ ಟಾಕಿ ತುಂಬಿದ ಟಾಕಿಗಿಂತ ಅಪಾಯ. ಒಳಗೆ ಪೆಟ್ರೋಲಿನ ಆವಿ ಕುಳಿತಿರುತ್ತದೆ. ಹತ್ತಿರ ಬೀಡಿ, ವೆಲ್ಡಿಂಗು, ಒಲೆ ಏನೂ ಕೂಡದು. ತೊಳೆದು, ಮುಚ್ಚಳ ತೆಗೆದು, ದಿನಗಟ್ಟಲೆ ಗಾಳಿಗೆ ಇಟ್ಟ ಮೇಲೆಯೇ ಕೈ ಹಚ್ಚಬೇಕು.

ತುಕ್ಕು ತಿಕ್ಕಿ ಬರಿ ತಗಡು ಕಾಣುವವರೆಗೆ ತಂದು, ಪ್ರೈಮರ್ ಹೊಡೆದು, ಗುಂಡಿ ಬಿದ್ದಲ್ಲಿ ಪುಟ್ಟಿ ತುಂಬಿ, ವಾಟರ್ ಪೇಪರಿನಿಂದ ನೀರು ಹಾಕಿ ಹಾಕಿ ತಿಕ್ಕಿ, ಮರೂನ್ ಬಣ್ಣ ಹೊಡೆದದ್ದಾಯಿತು. ಇಲ್ಲಿ ಇನ್ನೊಂದು ಲೆಕ್ಕವಿದೆ. ಹುಡುಗನಿಗೆ ಕಪ್ಪು ಬಣ್ಣ ಹೊಡೆಸುವ ಆಸೆ ಇತ್ತು. ಆದರೆ ಗಾಡಿಯ ಬಣ್ಣ ಆರ್‌ಸಿಯಲ್ಲಿ ನಮೂದಾಗಿರುತ್ತದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಆರ್‌ಸಿಯಲ್ಲಿರುವ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಿಸುವಂತಿಲ್ಲ. ಪೂರ್ತಿ ಬಣ್ಣ ಬದಲಿಸುವವರು ಮೊದಲು ಆರ್‌ಟಿಓ ಕಚೇರಿಗೆ ಹೋಗಬೇಕು. ಅದೂ ಅಲ್ಲದೆ 15 ವರ್ಷ ದಾಟಿದ ಗಾಡಿಯ ನೋಂದಣಿಯನ್ನು ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕು. ತಪಾಸಣೆಗೆ ಹೋದಾಗ ಆರ್‌ಸಿಯಲ್ಲಿ ಮರೂನು, ಎದುರಿಗೆ ಕಪ್ಪು ಆದರೆ ಏನು ಉತ್ತರ ಹೇಳುವುದು? ಮರೂನು ಮರೂನಾಗಿಯೇ ಉಳಿಯಿತು.

ಬಣ್ಣದ ಗುಣ

ಬಣ್ಣದಲ್ಲೂ ಜಾತಿಗಳಿವೆ. ಹಿಂದೆ ಎಣ್ಣೆ ಬಣ್ಣ ಒಣಗಲಿಕ್ಕೆ ದಿನಗಟ್ಟಲೆ ಬೇಕಾಗುತ್ತಿತ್ತು. 1920ರ ದಶಕದಲ್ಲಿ ಅಮೆರಿಕದಲ್ಲಿ ನೈಟ್ರೋಸೆಲ್ಯುಲೋಸ್ ಬಣ್ಣ ಬಂದ ಮೇಲೆ ತಾಸುಗಳಲ್ಲಿ ಒಣಗತೊಡಗಿತು. ನಮ್ಮ ಗ್ಯಾರೇಜಿನವರು ಎನ್‌ಸಿ ಬಣ್ಣ ಎನ್ನುವುದು ಇದಕ್ಕೇ. ಬೇಗ ಒಣಗುತ್ತದೆ, ಪಾಲಿಶು ಕೊಡುತ್ತದೆ, ಆದರೆ ಪೆಟ್ರೋಲು ಚೆಲ್ಲಿದರೆ ಕಲೆ ಬೀಳುತ್ತದೆ. ಈಗ ಹಾರ್ಡನರ್ ಬೆರೆಸುವ ಬಣ್ಣ ಬಂದಿದೆ. ಅದು ಗಟ್ಟಿ, ಪೆಟ್ರೋಲಿಗೂ ಜಗ್ಗುವುದಿಲ್ಲ. ಆದರೆ ಅದರ ಹಾರ್ಡನರಿನಲ್ಲಿ ಐಸೊಸಯನೇಟ್ ಎಂಬ ವಿಷದ ವಸ್ತು ಇರುತ್ತದೆ. ಸ್ಪ್ರೇ ಮಾಡುವಾಗ ಬರಿ ಕರವಸ್ತ್ರ ಕಟ್ಟಿಕೊಂಡರೆ ಸಾಲದು. ಸರಿಯಾದ ಮಾಸ್ಕ್ ಇಲ್ಲದೆ ಹೊಡೆದವರಿಗೆ ದಮ್ಮು ಹತ್ತುತ್ತದೆ. ಇದನ್ನು ಎಷ್ಟು ಗ್ಯಾರೇಜಿನ ಹುಡುಗರು ಪಾಲಿಸುತ್ತಾರೋ ದೇವರೇ ಬಲ್ಲ.

ಇನ್ನೊಂದು ಗುಟ್ಟು. ಎನ್‌ಸಿ ಬಣ್ಣದ ಮೇಲೆ ಎನಾಮೆಲ್ ಎಳೆದರೆ ನಡೆಯುತ್ತದೆ. ಎನಾಮೆಲಿನ ಮೇಲೆ ಎನ್‌ಸಿ ಎಳೆದರೆ ಅದರ ಥಿನ್ನರ್ ಕೆಳಗಿನ ಬಣ್ಣವನ್ನೇ ಎಬ್ಬಿಸಿ ಸುಕ್ಕು ಹಾಕುತ್ತದೆ. ಎಷ್ಟೋ ಹೊಸಬರ ಕೆಲಸ ಕೆಡುವುದು ಇಲ್ಲಿಯೇ. ಟಾಕಿಗೆ ಹಿಂದೆ ಹಚ್ಚಿದ ಮೇಣದ ಪಾಲಿಶು, ಕೈಯ ಎಣ್ಣೆ ಉಳಿದಿದ್ದರೂ ಬಣ್ಣ ಅಲ್ಲಲ್ಲಿ ಸರಿದು ಮೀನಿನ ಕಣ್ಣಿನಂಥ ಗುಳಿ ಬೀಳುತ್ತದೆ. ಅದಕ್ಕೇ ಮೊದಲು ಸೋಪಿನ ನೀರಿನಿಂದ ತೊಳೆದು ಒಣಗಿಸಿ, ಗೆರಿ ಬರುವ ಜಾಗವನ್ನು 1000 ನಂಬರಿನ ವಾಟರ್ ಪೇಪರಿನಿಂದ ಹೊಳಪು ಹೋಗುವಷ್ಟೇ ತಿಕ್ಕಬೇಕು. ಹೊಳಪಿನ ಮೇಲೆ ಬಣ್ಣ ಕಚ್ಚುವುದಿಲ್ಲ.

ಗನ್ನಿನಿಂದ ಗೆರಿ ಹೊಡೆಯುವವರು ಟೇಪು ಹಚ್ಚುತ್ತಾರೆ. ಕಾಗದದ ಟೇಪು ಬಾಗುವಲ್ಲಿ ಸುಕ್ಕು ಬೀಳುತ್ತದೆ, ಸಣ್ಣ ಪ್ಲಾಸ್ಟಿಕ್ ಟೇಪು ಬಾಗುತ್ತದೆ. ಆದರೆ ಅದನ್ನು ಜಗ್ಗಿ ಹಚ್ಚಿದರೆ ರಾತ್ರಿ ಕಳೆಯುವುದರೊಳಗೆ ಹಿಂದಕ್ಕೆ ಸರಿದಿರುತ್ತದೆ. ಅಂಚನ್ನು ಉಗುರಿನಿಂದ ಒತ್ತಿ ಕೂಡಿಸಬೇಕು. ಒಮ್ಮೆಲೇ ದಪ್ಪ ಹೊಡೆಯದೆ ತೆಳ್ಳಗೆ ಎರಡು ಮೂರು ಸಲ ಹೊಡೆಯಬೇಕು. ಬಣ್ಣ ಪೂರ್ತಿ ಗಟ್ಟಿಯಾಗುವ ಮೊದಲೇ, ಟೇಪನ್ನು ಅದರ ಮೇಲೆಯೇ ಮಡಚಿ ನಿಧಾನಕ್ಕೆ ಎಳೆಯಬೇಕು. ತಡಮಾಡಿದರೆ ಗೆರಿಯ ಅಂಚೂ ಟೇಪಿನ ಜೊತೆ ಬರುತ್ತದೆ.

ಕೈ ಗೆರಿಯ ಲೆಕ್ಕ ಬೇರೆ. ಅದಕ್ಕೆ ಬೇಕಾದದ್ದು ಕತ್ತಿಯಾಕಾರದ ಉದ್ದ ಕೂದಲಿನ ಕುಂಚ. ಅಳಿಲಿನ ಕೂದಲು ಶ್ರೇಷ್ಠ ಎನ್ನುತ್ತಾರೆ. ಉದ್ದ ಕೂದಲಿನಲ್ಲಿ ಬಣ್ಣ ಹೆಚ್ಚು ನಿಲ್ಲುವುದರಿಂದ ನಡುವೆ ಅದ್ದದೆ ಒಂದೇ ಎಳೆತಕ್ಕೆ ಗೆರಿ ಮುಗಿಯುತ್ತದೆ. ಯುರೋಪಿನಲ್ಲಿ ಮೋಟಾರು ಹುಟ್ಟುವ ಮೊದಲೇ ಕುದುರೆ ಸಾರೋಟಿಗೆ ಇಂಥ ಗೆರಿ ಎಳೆಯುವವರಿದ್ದರು. ನಮ್ಮ ದೇಶದಲ್ಲಿ ಮದರಾಸಿನ ಬುಲೆಟ್ ಕಾರ್ಖಾನೆಯಲ್ಲಿ ಟಾಕಿಯ ಬಂಗಾರದ ಬಣ್ಣದ ಗೆರಿಗಳನ್ನು ಒಂದೇ ಮನೆತನದ ಕುಶಲಿಗಳು ವರ್ಷಾನುಗಟ್ಟಲೆ ಕೈಯಿಂದಲೇ ಎಳೆಯುತ್ತ ಬಂದದ್ದು ಪ್ರಸಿದ್ಧ. ಮದರಾಸ್ ಗೆರಿ ಎಂದು ಹೊರದೇಶದವರೂ ಬಲ್ಲರು. ಅಷ್ಟು ದೊಡ್ಡ ಕಂಪನಿ ಕೈಯನ್ನು ನಂಬಿದ್ದುಂಟು ಎಂದಾಗ ಸ್ಟಿಕರ್ ಪಾರ್ಟಿಯವರು ಚಹಾದಂಗಡಿಯಲ್ಲಿ ಸ್ವಲ್ಪ ಸುಮ್ಮನಾದರು.

ಗೆರಿಯ ದಿನ

ಗಾಳಿ ಏಳುವ ಮೊದಲೇ, ಧೂಳು ಏಳುವ ಮೊದಲೇ, ಮುಂಜಾನೆ ಆರಕ್ಕೆ ಕೆಲಸ ಶುರುವಾಯಿತು. ಅಂಗಳಕ್ಕೆ ನೀರು ಹೊಡೆದು ಮಣ್ಣು ಕೂಡಿಸಿದ್ದರು. ಮೇಜಿನ ಮೇಲೆ ಹಳೆಯ ಕೌದಿ, ಅದರ ಮೇಲೆ ಮರೂನ್ ಟಾಕಿ. ಪೆಟ್ರೋಲಿನ ಮುಚ್ಚಳದ ನಡುವಿನಿಂದ ಸೀಟಿನವರೆಗೆ ದಾರ ಹಿಡಿದು ನಡುಗೆರಿ ಗುರುತು ಮಾಡಿ, ಅಲ್ಲಿಂದ ಎರಡೂ ಬಗಲಿಗೆ ಸಮ ಅಳತೆಯ ಚುಕ್ಕಿ ಇಟ್ಟರು. ಒಂದು ಬಗಲಿನ ನಮೂನೆಯನ್ನು ಕಾಗದದಲ್ಲಿ ಎತ್ತಿ ಮಗುಚಿ ಇನ್ನೊಂದು ಬಗಲಿಗೆ ಇಟ್ಟು ನೋಡಿದರು.

ಪೇಂಟರ್ ಕಾಕಾ ಕೆನೆ ಬಣ್ಣಕ್ಕೆ ಹಾರ್ಡನರ್ ಬೆರೆಸಿದ. ಬೆರೆತ ಮೇಲೆ ಆ ಬಣ್ಣ ಯಾರಿಗೂ ಕಾಯುವುದಿಲ್ಲ. ತಾಸು ಹೋದಂತೆ ಗಟ್ಟಿಯಾಗುತ್ತ ಹೋಗುತ್ತದೆ.

ಕಿರುಬೆರಳು ಟಾಕಿಗೆ ಊರಿ, ಉಸಿರು ಬಿಗಿಹಿಡಿದು ಬಲಬಗಲಿನ ದಪ್ಪ ಗೆರಿ ಎಳೆದ. ಮುಂಗೈ ಅಲ್ಲಾಡಲಿಲ್ಲ, ಇಡೀ ತೋಳೇ ಸರಿಯಿತು. ಕಣ್ಣು ಕುಂಚದ ತುದಿಯ ಮೇಲಿಲ್ಲ, ಗೆರಿ ಹೋಗಬೇಕಾದ ಜಾಗದ ಮೇಲಿತ್ತು. ಗೆರಿ ಬಂತು. ಅದರ ಕೆಳಗೆ ಸಣ್ಣ ಗೆರಿಯೂ ಬಂತು. ನೋಡಲು ನೆರೆದ ಏಳೆಂಟು ಮಂದಿಯಲ್ಲಿ ಯಾರೂ ಮಾತಾಡಲಿಲ್ಲ.

ಎಡಬಗಲಿನಲ್ಲಿ ಕೈ ಕೈಕೊಟ್ಟಿತು. ಮೊಣಕಾಲಿನ ಬಾಗು ಬಂದ ಕೂಡಲೇ ಬೆರಳು ನಡುಗಿ ಗೆರಿ ಹಾವಿನ ಹಾಗೆ ಹೊರಳಿತು. ಕೆಳಗಿನ ಬಣ್ಣ ಗಟ್ಟಿಯಾಗಿದ್ದರಿಂದ ಥಿನ್ನರಿನ ಬಟ್ಟೆಯಿಂದ ಒರೆಸಲು ಬಂತು. ಮತ್ತೆ ಎಳೆದ. ಅದೇ ಜಾಗ, ಅದೇ ನಡುಕ. ಮತ್ತೆ ಒರೆಸಿದ. ಬಟ್ಟಲಿನ ಬಣ್ಣ ದಪ್ಪವಾಗತೊಡಗಿತ್ತು. ಬಿಸಿಲು ಅಂಗಳಕ್ಕೆ ಇಳಿಯಿತು.

"ಆಗೂದಿಲ್ಲ ತಮ್ಮಾ" ಎಂದು ಪೇಂಟರ್ ಕುಂಚ ಕೆಳಗಿಟ್ಟ. "ಒಂದ ಬಗಲ ನಾ ಎಳದೀನಿ. ಇನ್ನೊಂದಕ್ಕ ಇವನ ಸ್ಟಿಕರ್ ಹಚ್ಚಿಸ್ಕೋ."

ಗೊಬ್ಬರದಂಗಡಿಯ ಹುಡುಗ ತಲೆ ತಗ್ಗಿಸಿ ನಿಂತ. ಬಾಗಿಲಿಗೆ ಒರಗಿ ನಿಂತಿದ್ದ ಪೇಂಟರನ ಮಗ ಆಲಮೇಲದ ಅಂಗಡಿ ತೆರೆಯುವ ಹೊತ್ತಾದರೂ ಹೋಗಿರಲಿಲ್ಲ. ಚಪ್ಪಲಿ ಬಿಟ್ಟು ಒಳಗೆ ಬಂದ. ಬಟ್ಟಲಿಗೆ ನಾಲ್ಕು ಹನಿ ಥಿನ್ನರ್ ಬಿಟ್ಟು ಕಲಸಿದ. ಟಾಕಿಯನ್ನು ಎರಡೂ ಕೈಯಿಂದ ಹಿಡಿದ.

"ಯಪ್ಪಾ, ನೀ ಕೈ ಸರಿಸಬ್ಯಾಡ. ಒಂದ ಜಾಗಾದಾಗ ಊರು. ಟಾಕಿ ನಾ ತಿರುಗಿಸ್ತೀನಿ."

"ನಿಂಗ ಗೊತ್ತಾಗ್ತದೇನೋ ಎಷ್ಟ ತಿರುಗಿಸಬೇಕಂತ?"

"ಸಣ್ಣಂವ ಇದ್ದಾಗಿಂದ ನೋಡೀನಿ. ಗೊತ್ತಾಗ್ತದ. ಊರು."

ಮೊಣಕೈ ಮೇಜಿಗೆ, ಕಿರುಬೆರಳು ಟಾಕಿಗೆ ಊರಿ ಪೇಂಟರ್ ಕುಂಚ ಮುಟ್ಟಿಸಿದ. ಮಗ ಕುಂಬಾರನ ತಿಗರಿಯ ಹಾಗೆ ಟಾಕಿಯನ್ನು ಮೆಲ್ಲಗೆ ಸರಿಸುತ್ತ ಬಂದ. ಬಾಗು ಬಂತು, ದಾಟಿತು. ಸೀಟಿನ ಹತ್ತಿರ ಚೂಪು ಮಾಡಿ ಕುಂಚ ಎತ್ತಿದಾಗ ಗೆರಿ ಮುಗಿದಿತ್ತು. ಅದರ ಬೆನ್ನಿಗೆ ಸಣ್ಣ ಗೆರಿಯೂ ಆಯಿತು.

ಆಮೇಲೆ ಅಳೆದು ನೋಡಿದಾಗ ಎಡಗಡೆಯ ದಪ್ಪ ಗೆರಿ ಬಾಗಿನಲ್ಲಿ ಬಲಗಡೆಯದಕ್ಕಿಂತ ಅರ್ಧ ಮಿಲಿಮೀಟರ್ ದಪ್ಪ ಬಂದಿತ್ತು. ಪೇಂಟರಿಗೆ ಅದು ಸಮಾಧಾನವಿಲ್ಲ. "ಒರಸಿ ಇನ್ನೊಮ್ಮೆ ಎಳೀತೀನಿ" ಎಂದು ಬಟ್ಟೆ ಎತ್ತಿದ. ಹುಡುಗ ಬಟ್ಟೆ ಕಸಿದುಕೊಂಡು ಕಿಸೆಯಲ್ಲಿ ಇಟ್ಟುಕೊಂಡುಬಿಟ್ಟ.

ಚಹಾದಂಗಡಿಯ ತೀರ್ಪು

ಗಾಡಿ ಈಗ ಸೇತುವೆಯ ಮೇಲೆ ಓಡಾಡುತ್ತಿದೆ. ಬಸ್ಸಿನ ಕಿಡಕಿಯಿಂದ ಬಗ್ಗಿ ನೋಡುವವರಿದ್ದಾರೆ. ಚಹಾದಂಗಡಿಯ ಎರಡೂ ಪಾರ್ಟಿಗಳು ತಾವೇ ಗೆದ್ದೆವೆಂದು ಹೇಳಿಕೊಳ್ಳುತ್ತಿವೆ. ಕೈ ಪಾರ್ಟಿಯವರು "ನೋಡ್ರಿ, ಕೈಯಿಂದಾನೇ ಆತು" ಎನ್ನುತ್ತಾರೆ. ಸ್ಟಿಕರ್ ಪಾರ್ಟಿಯವರು "ಮಗ ಬರಲಿಲ್ಲಂದ್ರ ಆಗ್ತಿತ್ತೇನು?" ಎನ್ನುತ್ತಾರೆ.

ಅಫಜಲಪುರ ಕಡೆಯಿಂದ ಒಬ್ಬ ಬುಲೆಟ್ ಮಾಲಕ ಬಂದು ತನ್ನ ಗಾಡಿಗೂ ಇಂಥದ್ದೇ ಗೆರಿ ಬೇಕೆಂದು ಕೇಳಿ ಹೋಗಿದ್ದಾನೆ. ಪೇಂಟರ್ ಕಾಕಾ ಹೂಂ ಎಂದಿಲ್ಲ, ಊಹೂಂ ಎಂದೂ ಇಲ್ಲ. ಮಗನ ಅಂಗಡಿಯ ಕಂಪ್ಯೂಟರಿನ ಪಕ್ಕದಲ್ಲಿ ಒಂದು ಹಳೆಯ ತಗಡಿನ ತುಂಡು ಮಾತ್ರ ಕಾಣಿಸಿಕೊಂಡಿದೆ. ಅದರ ತುಂಬ ಸೊಟ್ಟಪಟ್ಟ ಕೆನೆ ಗೆರಿಗಳು. ಯಾರು ಎಳೆದದ್ದೆಂದು ಕೇಳಿದರೆ ಮಗ "ಸುಮ್ನ, ಗಿರಾಕಿ ಇಲ್ಲದಾಗ" ಎಂದು ಬೇರೆ ಮಾತು ತೆಗೆಯುತ್ತಾನೆ.

ಗಾಡಿ ಒಯ್ಯುವ ದಿನ ಹುಡುಗ ಕಾಕಾನ ಕಾಲು ಮುಟ್ಟಿದ. ಈ ಸಲದ ದಸರೆಗೆ ಬನ್ನಿ ಕೊಡಲಿಕ್ಕೆ ಮೊದಲು ಇಲ್ಲಿಗೇ ಬರುತ್ತೇನೆ ಎಂದ. ಪೇಂಟರ್ ಅವನ ಬೆನ್ನ ಮೇಲೆ ಕೈ ಇಟ್ಟು ಹೇಳಿದ್ದು ಇಷ್ಟೇ:

"ಒಂದ ವಾರ ತೊಳೀಬ್ಯಾಡ. ಬಿಸಲಾಗ ನಿಲ್ಲಿಸಬ್ಯಾಡ. ಪೆಟ್ರೋಲ್ ಹಾಕಸೂಮುಂದ ಪಂಪಿನ ಹುಡುಗನ ಕೈಯಾಗ ಬಿಡಬ್ಯಾಡ, ನೀನ ಹಿಡಕೊಂಡು ನಿಲ್ಲು. ಮತ್ತ ಹೊಳಿ ಬರ್ತದಂತ ಸುದ್ದಿ ಬಂತಂದ್ರ, ದನದ ಜೋಡಿ ಇದನ್ನೂ ಹೊಡಕೊಂಡು ಹೋಗು."